ನೊಗ ಕೂರುವ ಜಾಗ

"ಸೌನಾ ಒಲೆ ಸೀಳು ಬಿಟ್ಟಿದೆ ಕಣೋ. ಈ ಶನಿವಾರ ಅಡುಗೆಮನೇಲೇ ಕೂತ್ಕೊಂಡು ಮಾತಾಡೋಣ" ಅಂತ ಒನ್ನಿ ಫೋನಿನಲ್ಲಿ ಹೇಳಿದಾಗ ಎಸ್ಕೊಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. "ಅಯ್ಯೋ ಪಾಪ, ಹೌದಾ?" ಅಂತ ಬಾಯಲ್ಲಿ ಅಂದ. ಫೋನು ಇಟ್ಟವನೇ ಕುರ್ಚಿಗೆ ಕುಸಿದು ಉಸ್ಸಪ್ಪಾ ಅಂದ.

ಉಸ್ಸಪ್ಪಾ ಅಂದದ್ದಕ್ಕೆ ಮರುಕ್ಷಣ ನಾಚಿಕೆಯೂ ಆಯಿತು. ಗೆಳೆಯನ ಸೌನಾ ಒಲೆ ಒಡೆದರೆ ಯಾವನಾದರೂ ಖುಷಿಪಡುತ್ತಾನೆಯೇ? ಇವರ ಅಜ್ಜಂದಿರು ಫಿನ್‌ಲೆಂಡಿನಿಂದ ಹಡಗು ಹತ್ತಿ ಬಂದು ಥಂಡರ್ ಬೇ ಊರಿನ ಆಚೆಯ ಕಾಡು ಕಡಿದಾಗ ಮೊದಲು ಸೂರು ಹೊದಿಸಿದ್ದು ಸೌನಾಕ್ಕೆ, ಆಮೇಲೆ ಮನೆಗೆ. ಶನಿವಾರ ಕಾದ ಕಲ್ಲಿಗೆ ನೀರು ಸುರಿದು ಆ ಹಬೆಯಲ್ಲಿ ಮೈ ಬೆವರಿಸದಿದ್ದರೆ ಭಾನುವಾರ ಬರುವುದೇ ಇಲ್ಲ ಅಂತ ನಂಬಿದ ಜನ.

"ಏನು, ಈ ವಾರಾನೂ ಸೌನಾ ಇಲ್ವಾ?" ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಹಿಲ್ಕಾ ತಿರುಗದೆಯೇ ಕೇಳಿದಳು.

"ಒನ್ನಿ ಒಲೆ ಒಡೆದಿದೆಯಂತೆ."

"ಸರಿ ಹೋಯ್ತು. ಕಳೆದ ವಾರ ನಿನಗೆ ನೆಗಡಿ. ಅದರ ಹಿಂದಿನ ವಾರ ನಿನ್ನ ಕಾರಿಗೆ ನೆಗಡಿ. ಈಗ ಒನ್ನಿ ಒಲೆಗೆ. ಊರಲ್ಲಿ ಇನ್ಯಾರಿಗೆ ಉಳಿದಿದೆ?"

"ಹೇಳ್ತೀನಿ ಕಣೆ ಅವನಿಗೆ."

"ಯಾವಾಗ? ದೋಣಿ ಎತ್ತಿ ಹೆಗಲ ಮೇಲೆ ಇಟ್ಕೊಂಡ ಮೇಲಾ?"

ಎಸ್ಕೊನ ಕೈ ತಾನಾಗಿಯೇ ಎಡ ಹೆಗಲಿನ ಕಡೆ ಹೋಯಿತು. ಅಲ್ಲಿ, ಕೊರಳೆಲುಬಿನ ಸ್ವಲ್ಪ ಕೆಳಗೆ, ಚರ್ಮದಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಉಬ್ಬು. ಚಳಿಗಾಲದ ಕೊನೆಯಲ್ಲಿ ಹಿಮ ಗುಡಿಸುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಆಸ್ಪತ್ರೆಯವರು ಪೇಸ್‌ಮೇಕರ್ ಕೂರಿಸಿ ಕಳಿಸಿದರು. ಒನ್ನಿಗೆ ಮಾತ್ರ "ನಾದಿನಿ ಮನೆಗೆ ಹೋಗಿದ್ವಿ" ಅಂತ ಹೇಳಿದ್ದಾಯಿತು. ಆ ಸುಳ್ಳನ್ನು ಹಿಲ್ಕಾ ತಾನು ಹೇಳುವುದಿಲ್ಲ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು. ಆದರೆ ಬಿಚ್ಚಿಡುವುದೂ ಇಲ್ಲ ಅಂತ ಒಪ್ಪಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದಳು: "ಬೇಸಿಗೆಯಲ್ಲಿ ದೋಣಿ ತಗೊಂಡು ಕಾಡಿಗೆ ಹೋಗ್ತೀರಾ? ಹೊರೋವಾಗ ನೊಗ ಎಲ್ಲಿ ಕೂರುತ್ತೆ, ತೋರಿಸಿ."

ಅವಳೂ ಈ ಕಡೆಯ ಹುಡುಗಿಯೇ. ಕೇಳಬೇಕಾದ್ದನ್ನೇ ಕೇಳಿದ್ದಳು. ದೋಣಿಯ ನಟ್ಟನಡುವೆ ಅಡ್ಡಕ್ಕೆ ಒಂದು ಮರದ ನೊಗ ಇರುತ್ತದೆ. ಒಂದು ಕೆರೆ ಮುಗಿದು ಇನ್ನೊಂದು ಕೆರೆ ಸಿಗುವವರೆಗೆ ದೋಣಿಯನ್ನು ಕವುಚಿ, ಆ ನೊಗವನ್ನು ಹೆಗಲಿಗೆ ಕೊಟ್ಟುಕೊಂಡು, ಮರದ ಬೇರು ಕೆಸರು ಬಂಡೆ ಎಲ್ಲ ತುಳಿಯುತ್ತ ನಡೆಯಬೇಕು. ಆ ಹಾದಿಗೇ ಇವರು ಹೊರೆಹಾದಿ ಅನ್ನುವುದು. ಎಸ್ಕೊ ಬೆರಳಿಟ್ಟು ತೋರಿಸಿದ. ಬೆರಳು ಹೊಸ ಹೊಲಿಗೆಯ ಮೇಲೆಯೇ ಹೋಗಿ ಕೂತಿತು.

"ಹಾಗಾದ್ರೆ ಇನ್ಮೇಲೆ ಬೇರೆಯವರು ಹೊರಲಿ. ಹುಟ್ಟು ಹಾಕಿ, ಮೀನು ಹಿಡೀರಿ, ಸೌನಾಗೂ ಹೋಗಿ, ಅಡ್ಡಿ ಇಲ್ಲ. ಆ ಜಾಗದ ಮೇಲೆ ಮಾತ್ರ ಭಾರ ಬೀಳಕೂಡದು" ಅಂದಳು.

ಬೇರೆಯವರು ಅಂದರೆ ಯಾರು? ಇರುವುದು ಒನ್ನಿ ಒಬ್ಬನೇ. ಒಂದು ಹಾದಿ ಅವನು ಹೊತ್ತರೆ ಮುಂದಿನದು ಎಸ್ಕೊ ಹೊರುವುದು, ಇಬ್ಬರೂ ತಲೆತುಂಬ ಕೂದಲಿದ್ದ ಕಾಲದಿಂದ ನಡೆದುಬಂದ ಲೆಕ್ಕ. "ನನ್ನ ಪಾಲು ನೀನೇ ಹೊರು" ಅನ್ನುವುದು ಹೇಗೆ?

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅದರ ಹೆಸರು ವಿಲ್ಹೊ.

ಮೊದಲು ಇವರು ಮೂವರು ಹೋಗುತ್ತಿದ್ದರು. ವಿಲ್ಹೊನ ಉದ್ದನೆಯ ಹಳೆಯ ದೋಣಿ, ಅದರಲ್ಲಿ ಮೂರು ಜನ. ಒಂದು ವಸಂತದಲ್ಲಿ ವಿಲ್ಹೊ "ಈ ವರ್ಷ ಬೇಡಪ್ಪ, ಸೊಂಟ ಹಿಡ್ಕೊಂಡಿದೆ, ನೀವು ಹೋಗ್ಬನ್ನಿ" ಅಂದ. "ಮುಂದಿನ ವರ್ಷ ಹೋಗೋಣ ಬಿಡು" ಅಂತ ಇವರೂ ಅಂದರು. ಮುಂದಿನ ವರ್ಷ ಕೇಳಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ; ಕೇಳಿದರೆ ಪಾಪ ನೊಂದುಕೊಂಡಾನು ಅಂತ ಒನ್ನಿ ಅಂದ, ಹೌದು ಅಂತ ಎಸ್ಕೊ ಅಂದ. ಅದರ ಮುಂದಿನ ವರ್ಷ ನೆನಪೂ ಆಗಲಿಲ್ಲ. ಈಗ ವಿಲ್ಹೊನ ಹುಟ್ಟು ಅವನ ಮನೆಯ ಗೋಡೆಯಲ್ಲಿ, ಟೀವಿಯ ಮೇಲೆ, ಮೀನಿನ ಆಕಾರದ ಗಡಿಯಾರದ ಪಕ್ಕ ನೇತಾಡುತ್ತಿದೆ. ಅಂಗಡಿಯಲ್ಲಿ ಎದುರಾದರೆ ವಿಲ್ಹೊ "ನೀರು ಹೇಗಿತ್ತು?" ಅನ್ನುತ್ತಾನೆ. ಇವರು "ಚೆನ್ನಾಗಿತ್ತು" ಅನ್ನುತ್ತಾರೆ. ಅಷ್ಟೇ ಮಾತು.

"ಈ ವರ್ಷ ಬೇಡ" ಅನ್ನುವ ಮಾತು ಬಾಯಿಂದ ಬಿದ್ದರೆ ಹುಟ್ಟು ಗೋಡೆಗೇರುತ್ತದೆ. ಅದನ್ನು ಎಸ್ಕೊ ಕಣ್ಣಾರೆ ಕಂಡಿದ್ದ. ಕಂಡಿದ್ದೇನು, ಮೊಳೆ ಹೊಡೆದವರಲ್ಲಿ ತಾನೂ ಒಬ್ಬ.

*

ಒನ್ನಿಯ ಮನೆ ಜಲ್ಲಿರಸ್ತೆಯ ಕೊನೆಯಲ್ಲಿ, ಹಳ್ಳದ ದಂಡೆಗೆ. ಮಂಜುಗಡ್ಡೆ ಬಿಟ್ಟುಹೋಗಿ ಹಳ್ಳ ತುಂಬಿ ಗದ್ದಲ ಹಾಕುತ್ತಿತ್ತು. ಶನಿವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಸ್ಕೊ ಬಾಗಿಲು ತಳ್ಳಿ ಒಳಗೆ ಹೋದ. ಹೋಗುವಾಗ ಎಡ ಹೆಗಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೇ ಹೋದ. ಯಾಕೆಂದರೆ ಬಂದವರ ಹೆಗಲಿಗೆ ಒಂದು ಏಟು ಬಿಗಿಯದೆ ಒನ್ನಿ ಯಾರನ್ನೂ ಒಳಗೆ ಕರೆದವನಲ್ಲ. ಕಾಗದದ ಗಿರಣಿಯಲ್ಲಿ ದಿಮ್ಮಿ ಉರುಳಿಸಿ ಬೆಳೆದ ಕೈ ಅದು.

ಒನ್ನಿ ಏಳಲೇ ಇಲ್ಲ. ಮೇಜಿನ ಹಿಂದೆ ಕೂತವನು ಕೂತಲ್ಲಿಂದಲೇ ಕೈ ಎತ್ತಿದ. "ಬಾರೋ ಬಸ್ ಡ್ರೈವರ್! ಸ್ಕೂಲ್ ಮಕ್ಕಳು ಬಿಟ್ಟರಾ ನಿನ್ನ?"

"ರಿಟೈರಾಗಿ ಎಷ್ಟು ಕಾಲ ಆಯ್ತು, ಇನ್ನೂ ಅದೇ ಜೋಕು" ಅಂತ ಎಸ್ಕೊ ದೂರದ ಕುರ್ಚಿ ಎಳೆದುಕೊಂಡ. ಏಟು ತಪ್ಪಿತು. ಇದು ವಾರದ ಎರಡನೇ ಉಸ್ಸಪ್ಪಾ.

ಮೇಜಿನ ಮೇಲೆ ನಕ್ಷೆ ಹರಡಿತ್ತು. ಕ್ವೆಟಿಕೊ ಕಾಡಿನ ನಕ್ಷೆ, ಕೆರೆಗಳೇ ಕೆರೆಗಳು, ನೆಲ ಅನ್ನುವುದು ನಡುನಡುವೆ ಸಿಕ್ಕಿಕೊಂಡ ಚೂರುಪಾರು. ಈ ನಕ್ಷೆಗೆ ಅಂಚೇ ಇರಲಿಲ್ಲ. ಭಾರ ಕಡಿಮೆ ಆಗಲಿ ಅಂತ ಒನ್ನಿ ಹಿಂದೊಮ್ಮೆ ಕತ್ತರಿಯಿಂದ ಸುತ್ತಲೂ ಕತ್ತರಿಸಿದ್ದ; ಅಂಚಿನಲ್ಲಿದ್ದ ಕೆರೆಗಳ ಹೆಸರು ಅರ್ಧರ್ಧ ಹೋಗಿದ್ದವು. ಹೊರೆಹಾದಿಯಲ್ಲಿ ಒಂದು ಸಾಸಿವೆಯಷ್ಟು ಭಾರವೂ ಬೆನ್ನಿಗೆ ಗೊತ್ತಾಗುತ್ತದೆ ಅನ್ನುವುದು ಅವನ ವೇದಾಂತ. ಚಹಾ ಚೀಲದ ದಾರ ಕಿತ್ತು ಎಸೆಯುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ಬೆರಳುದ್ದದ ಮೋಟು ಮಾಡಿಕೊಳ್ಳುತ್ತಿದ್ದ. "ಹಲ್ಲು ಉಜ್ಜೋದು ಬ್ರಷ್ಷಿನ ತಲೆ, ಬಾಲ ಅಲ್ಲ" ಅನ್ನುತ್ತಿದ್ದ.

"ನಾನು ಯೋಚನೆ ಮಾಡ್ದೆ" ಅಂದ ಒನ್ನಿ, ಕಣ್ಣು ನಕ್ಷೆಯ ಮೇಲೆಯೇ ಇಟ್ಟು. "ಮೂರು ರಾತ್ರಿ ಸಾಕು ಈ ಸಲ. ಚಿಕ್ಕದಾಗಿ ಒಂದು ಸುತ್ತು. ಮೂರು ಕೆರೆ, ಎರಡೇ ಹೊರೆಹಾದಿ. ಅವೂ ಮೋಟು ಹಾದಿ."

ಎಸ್ಕೊನ ಒಳಗೆ ದೀಪ ಹಚ್ಚಿದಂತಾಯಿತು. 'ಒಂದೇ ಒಂದು ಹಾದಿ ನನ್ನ ಪಾಲಿಗೆ. ಬಲ ಹೆಗಲಿಗೇ ಸರಿಸಿಕೊಂಡು ಹೇಗಾದರೂ...' ಅಂತ ಲೆಕ್ಕ ಹಾಕಿದ. ಹೂಂ ಅನ್ನಬೇಕು ಅನ್ನುವಷ್ಟರಲ್ಲಿ ಬಾಯಿ ತನ್ನ ಹಳೇ ಚಾಳಿ ಬಿಡದೆ ಅಂದುಬಿಟ್ಟಿತು:

"ಯಾಕೋ, ಮುದುಕ ಆದ್ಯಾ?"

"ಯಾರು, ನಾನಾ?" ಒನ್ನಿ ತಲೆ ಎತ್ತಿದ. "ನಿನ್ನ ಮುಖ ನೋಡಿ ಕನಿಕರ ಬಂದು ಹೇಳ್ದೆ ಕಣೋ. ಬಾಡಿದ ಆಲೂಗಡ್ಡೆ ಥರ ಆಗಿದ್ದೀಯ."

"ನನ್ನ ಆಲೂಗಡ್ಡೆ ಚಿಂತೆ ಬಿಡು. ನಿನಗೆ ಕಷ್ಟ ಅಂದ್ರೆ ಮೂರೇ ಕೆರೆ ಸುತ್ತೋಣ, ನನಗೇನು."

"ಕಷ್ಟ? ಹಾಗಾದ್ರೆ ಕರಡಿತಲೆ ಕೆರೆವರೆಗೂ ಹೋಗೋಣ ನಡಿ."

"ಹೋಗೋಣ. ಆದ್ರೆ ಹೋದ ದಾರೀಲೇ ವಾಪಸ್ ಬರೋದು ಹೆಂಗಸರ ಪಿಕ್‌ನಿಕ್ಕು. ಆ ಕಡೆಯಿಂದ ಇಳೀಬೇಕಪ್ಪ."

ಮಾತು ಆಡಿದ ಮೇಲೆ ಎಸ್ಕೊಗೆ ತಾನೇನು ಅಂದೆ ಅಂತ ಹೊಳೆದದ್ದು. ಕರಡಿತಲೆಯ ಆ ಕಡೆಯಿಂದ ಇಳಿಯುವುದು ಅಂದರೆ ಅತ್ತೆಹಾದಿ. ಆ ಹೆಸರಿಟ್ಟವನು ವಿಲ್ಹೊ. ಮೊದಲು ಮೊಣಕಾಲುದ್ದ ಕೆಸರು, ಆಮೇಲೆ ಗೋಡೆಯಂಥ ಏರು, ಏರಿದ ಮೇಲೆ ಇನ್ನೇನು ಮುಗಿಯಿತು ಅನ್ನುವಾಗ ಇನ್ನೊಂದು ಏರು. 'ಎಷ್ಟು ಮಾಡಿದರೂ ಸಾಲದು ಅನ್ನುತ್ತೆ, ಥೇಟ್ ನಮ್ಮತ್ತೆ' ಅಂತ ವಿಲ್ಹೊ ದೋಣಿಯ ಒಳಗಿನಿಂದ ಕೂಗಿದ್ದು ಎಸ್ಕೊಗೆ ಈಗಲೂ ಕಿವಿಯಲ್ಲಿದೆ.

"ಅತ್ತೆಹಾದಿ" ಅಂದ ಒನ್ನಿ ಮೆಲ್ಲಗೆ. ಅವನ ಬೆರಳು ನಕ್ಷೆಯ ಮೇಲೆ ಆ ಜಾಗಕ್ಕೆ ಹೋಗಿ ನಿಂತಿತು. "ಆಗ್ಲಿ. ನಿನಗೆ ಆಗುತ್ತೆ ಅಂದ್ರೆ ನನಗೂ ಆಗುತ್ತೆ."

"ನಿನಗೆ ಆಗುತ್ತೆ ಅಂದ್ರೆ ನನಗ್ಯಾಕೆ ಆಗಲ್ಲ."

ಇಬ್ಬರೂ ಕಾಫಿ ಹೀರಿದರು.

ಒನ್ನಿಯ ಹೆಂಡತಿ ಸೈಮಾ ಏಲಕ್ಕಿ ಹಾಕಿ ಜಡೆ ಹೆಣೆದು ಬೇಯಿಸಿದ ಬ್ರೆಡ್ಡನ್ನು ಹಲಗೆಯ ಮೇಲಿಟ್ಟುಕೊಂಡು ಬಂದಳು. ಅವಳು ಮೂರೂ ಜನರ ಜೊತೆ ಒಂದೇ ಶಾಲೆಯಲ್ಲಿ ಓದಿದವಳು, ಹಾಗಾಗಿ ಯಾರಿಗೂ ಮರ್ಯಾದೆ ಕೊಡುವ ಅಭ್ಯಾಸ ಇರಲಿಲ್ಲ. ನಕ್ಷೆಯ ಮೇಲೆ ಒನ್ನಿಯ ಬೆರಳು ನಿಂತ ಜಾಗ ನೋಡಿದಳು.

"ಮೂರು ರಾತ್ರೀಲಿ ಅತ್ತೆಹಾದಿ ಹತ್ತಿ ಇಳೀತೀರಾ? ಹೆಣ ಹೊರೋಕೆ ಯಾರನ್ನ ಕರ್ಕೊಂಡು ಹೋಗ್ತೀರಾ?"

"ಸುಮ್ನಿರೆ. ಯಾವ ಕೆರೆಯಿಂದ ಕಾಡಿನೊಳಗೆ ಹೋಗ್ತೀವಿ ಅಂತ ಕ್ವೆಟಿಕೊ ಪಾರ್ಕಿನವರಿಗೆ ಹೇಳ್ಬೇಕಲ್ಲ, ಕಂಪ್ಯೂಟರ್ ತಗೊಂಡು ಬಾ. ಇವತ್ತೇ ಪರ್ಮಿಟ್ ಮಾಡಿಬಿಡೋಣ. ಆಗಸ್ಟ್ ಕೊನೇ ವಾರ ಆದ್ರೆ ಸೊಳ್ಳೆ ಇರಲ್ಲ."

"ತಿಂದು ಮುಗಿಸಿ, ಮಾಡ್ಕೊಡ್ತೀನಿ" ಅಂದಳು ಸೈಮಾ. ಗಂಡನ ಕಡೆ ಒಂದು ನೋಟ ಬೀರಿ ಒಳಗೆ ಹೋದಳು. ಆ ನೋಟ ಎಸ್ಕೊಗೆ ಅರ್ಥವಾಗಲಿಲ್ಲ. ಆದರೆ ಪರಿಚಯದ್ದು ಅನ್ನಿಸಿತು. ಹಿಲ್ಕಾ ಸಿಂಕಿನ ಮುಂದೆ ನಿಂತು ಬೆನ್ನಿನಲ್ಲೇ ಬೀರುವ ನೋಟ ಅದು.

ಆಮೇಲೆ ಸಾಮಾನಿನ ಮಾತು ಬಂತು. ಟೆಂಟು ಎಸ್ಕೊದು, ಹಗ್ಗ ಕೊಡಲಿ ಒನ್ನಿಯದು, ರಾತ್ರಿ ಊಟದ ಚೀಲವನ್ನು ಕರಡಿಗೆ ಎಟುಕದ ಹಾಗೆ ಮರಕ್ಕೆ ಏರಿಸುವ ರಾಟೆ ಯಾರದೋ. ಎಲ್ಲ ಪ್ರತಿ ವರ್ಷದ ಮಾತು. ಅಷ್ಟರಲ್ಲಿ ಒನ್ನಿ ಅಂದ:

"ಬಾಣಲೆ ನಾನು ತರ್ತೀನಿ. ಕಬ್ಬಿಣದ್ದು."

ಎಸ್ಕೊನ ಕೈಯಲ್ಲಿದ್ದ ಬ್ರೆಡ್ಡು ಬಾಯಿಗೆ ಹೋಗದೆ ನಿಂತಿತು. "ಕಬ್ಬಿಣದ್ದಾ? ನಿಮ್ಮಜ್ಜಿ ಬಾಣಲೇನಾ?"

"ಹೂಂ. ಮೀನು ಅದರಲ್ಲಿ ಹುರಿದ ಹಾಗೆ ಬೇರೇದ್ರಲ್ಲಿ ಆಗಲ್ಲ."

ಆ ಬಾಣಲೆ ಎತ್ತಲು ಎರಡು ಕೈ ಬೇಕು. ಎಸ್ಕೊ ಮೂಲೆಯಲ್ಲಿದ್ದ ಪ್ರಯಾಣದ ಚೀಲದ ಕಡೆ ನೋಡಿದ. ಅದಕ್ಕೆ ಒರಗಿಸಿ ಒಂದು ಮಡಚುವ ಕುರ್ಚಿ. ಚೀಲದ ಬಾಯಲ್ಲಿ ಹೊಸ ಹಲ್ಲುಜ್ಜುವ ಬ್ರಷ್ಷು. ಉದ್ದನೆಯದು, ಬಾಲ ಸಮೇತ.

ಎಸ್ಕೊ ಬ್ರೆಡ್ಡನ್ನು ಹಲಗೆಗೆ ವಾಪಸ್ ಇಟ್ಟ. ಬ್ರಷ್ಷಿನ ಬಾಲ ಕೊಯ್ಯದ ಒನ್ನಿ ಹೊರೆಹಾದಿಗೆ ಹೊರಟ ಒನ್ನಿ ಅಲ್ಲ. ಇದೆಲ್ಲ ಹೊರಲು ಇವನು ಇನ್ಯಾರನ್ನೋ ಗೊತ್ತುಮಾಡಿದ್ದಾನೆ, ಗಟ್ಟಿ ಬೆನ್ನಿನವನನ್ನು. ನಾದಿನಿ ಮನೆಯ ಸುಳ್ಳು ಇವನಿಗೆ ಗೊತ್ತಾಗಿದೆ. ಗೊತ್ತಾಗಿ, ಕೇಳಿದರೆ ನೊಂದುಕೊಂಡಾನು ಅಂತ ಸುಮ್ಮನಿದ್ದಾನೆ. ಅತ್ತೆಹಾದಿ ಅಂತ ಒಪ್ಪಿಕೊಂಡದ್ದೂ ಅದಕ್ಕೇ, ಕೊನೇ ಗಳಿಗೆಯಲ್ಲಿ ಎಸ್ಕೊನೇ ಹಿಂದೆ ಸರಿಯಲಿ ಅಂತ.

ಅಷ್ಟರಲ್ಲಿ ಸೈಮಾ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಹಿತ್ತಿಲ ಬಾಗಿಲಿನಿಂದ ಬಂದಳು. "ನಂದಾಯ್ತು. ಕಲ್ಲು ಚೆನ್ನಾಗಿ ಕಾದಿದೆ, ಹೋಗ್ರಪ್ಪ ಇಬ್ರೂ. ಬಂದ ಮೇಲೆ ಪರ್ಮಿಟ್ ಮಾಡೋಣ."

ಎಸ್ಕೊ ಒನ್ನಿಯ ಕಡೆ ತಿರುಗಿದ.

"ಒಲೆ ಸೀಳು ಬಿಟ್ಟಿದೆ ಅಂದ್ಯಲ್ಲ?" ಅಂದ ಎಸ್ಕೊ.

"ಯಾವ ಒಲೆ?" ಅಂದಳು ಸೈಮಾ. "ನಮ್ಮದಾ? ಅದಕ್ಕೇನು ಧಾಡಿ? ಶನಿವಾರ ಸೌನಾ ಹೊಗೆ ಏಳದೇ ಇರೋಕೆ ಇದೇನು ಇಂಗ್ಲಿಷಿನವರ ಮನೇನಾ?" ಗಂಡನ ಕಡೆ ತಿರುಗಿದಳು. "ಒಲೆ ಒಡೆದಿದೆ ಅಂತ ಹೇಳಿದ್ಯಾ ಇವನಿಗೆ?"

ಒನ್ನಿ ನಕ್ಷೆಯಲ್ಲಿ ಇಲ್ಲದ ಕೆರೆಯೊಂದನ್ನು ಹುಡುಕುತ್ತಿದ್ದ.

ಎಸ್ಕೊಗೆ ಇನ್ನು ಅನುಮಾನ ಉಳಿಯಲಿಲ್ಲ. ಶನಿವಾರ ಒಲೆ ಉರಿಯುತ್ತಿದ್ದರೂ ಸುಳ್ಳು ಹೇಳಿ ಸೌನಾದಿಂದ ಹೊರಗಿಟ್ಟ ಅಂದರೆ ಮುಗಿಯಿತು. ಇವರಲ್ಲಿ ಅದಕ್ಕಿಂತ ಕೆಟ್ಟ ಮಾತು ಯಾರೂ ಯಾರಿಗೂ ಆಡುವುದಿಲ್ಲ. ಆದರೆ ಬೈಯಲು ಬಾಯಿ ಇಲ್ಲ. ನೆಗಡಿ, ಕಾರು, ನಾದಿನಿ ಎಲ್ಲ ತನ್ನವೇ ತಾನೆ?

"ಕಾದ ಸೌನಾಗೆ ಬೆನ್ನು ತಿರುಗಿಸಿ ಹೋಗೋಕಾಗುತ್ತಾ" ಅಂದ ಒಣಗಿದ ದನಿಯಲ್ಲಿ. "ನಡಿ."

"ನಡಿ" ಅಂದ ಒನ್ನಿ. ಗಲ್ಲಿಗೇರಲು ಹೊರಟವನ ಹಾಗೆ ಮೇಜು ಹಿಡಿದುಕೊಂಡು ಎದ್ದ.

*

ಬಟ್ಟೆ ಕಳಚುವ ಕೋಣೆಯಲ್ಲಿ ಇಬ್ಬರೂ ಎದುರುಬದುರು ಗೋಡೆಗೆ ಮುಖ ಹಾಕಿಕೊಂಡು ನಿಂತರು. ಹುಟ್ಟಿದಾಗಿನಿಂದ ಒಬ್ಬರ ಮೈ ಒಬ್ಬರು ನೋಡಿದವರು ಹೊಸ ಮದುವಣಗಿತ್ತಿಯರ ಥರ ಗುಂಡಿ ಬಿಚ್ಚಿದರು. ಎಸ್ಕೊ ಟವೆಲ್ಲನ್ನು ಎಡ ಹೆಗಲ ಮೇಲೆ ಹಾಕಿ ಎದೆಯವರೆಗೂ ಇಳಿಬಿಟ್ಟುಕೊಂಡ. ತಿರುಗಿ ನೋಡಿದರೆ ಒನ್ನಿ ಸೊಂಟಕ್ಕೆ ದೊಡ್ಡ ಟವೆಲ್ಲು ಸುತ್ತಿ, ಗಂಟು ಹಾಕಿ, ಗಂಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಟವೆಲ್ಲು ಸುತ್ತಿಕೊಂಡು ಸೌನಾ ಒಳಗೆ ಹೋಗುವವರನ್ನು ಇಬ್ಬರೂ ಜೀವಮಾನವಿಡೀ ಆಡಿಕೊಂಡು ನಕ್ಕವರು. ಇವತ್ತು ಇಬ್ಬರೂ ಟವೆಲ್ಲು ಬಿಡದೆಯೇ ಒಳಗೆ ಹೋದರು.

ಮೇಲಿನ ಹಲಗೆಯ ಮೇಲೆ ಈ ಕೊನೆಗೆ ಒಬ್ಬ, ಆ ಕೊನೆಗೆ ಒಬ್ಬ ಕೂತರು. ಸಣ್ಣ ಕಿಟಕಿಯಿಂದ ಸಂಜೆಯ ಬೆಳಕು ಒಂದು ಪಟ್ಟಿಯಷ್ಟು ಬೀಳುತ್ತಿತ್ತು. ಒನ್ನಿ ಸೌಟಿನಲ್ಲಿ ನೀರು ಸುರಿದ. ಕಲ್ಲು ಚುಯ್ ಅಂದಿತು. ಹಬೆ ಸೂರಿಗೆ ಹೋಗಿ ತಿರುಗಿ ಬೆನ್ನ ಮೇಲೆ ಇಳಿಯಿತು.

"ಇನ್ನೊಂದು?" ಅಂದ ಎಸ್ಕೊ, ಸೌಟು ತಾನು ತಗೊಂಡು. ಬೇಗ ಸೆಕೆ ಏರಿದರೆ ಬೇಗ ಎದ್ದು ಹೋಗಬಹುದು ಅನ್ನುವುದು ಅವನ ಆಸೆ. ಆದರೆ ಮೊದಲು ಏಳುವವನು ತಾನಾಗಬಾರದು.

"ಹಾಕು" ಅಂದ ಒನ್ನಿ, ಹಲ್ಲು ಕಚ್ಚಿಕೊಂಡು. ಅವನು ಹಲಗೆಯ ಮೇಲೆ ಆ ಕಡೆ ಈ ಕಡೆ ಹೊರಳುತ್ತಿದ್ದ. ಮನಸ್ಸಿನಲ್ಲಿ ಕಳ್ಳ ಇದ್ದರೆ ಹೀಗೇ ಅಂದುಕೊಂಡ ಎಸ್ಕೊ. ಹಾಕಿದ. ಒನ್ನಿ ಮುಲುಗಿದ.

"ಇನ್ನೊಂದು?"

"ಹಾ... ಹಾಕು."

ಮೂರನೇ ಸೌಟು ಕಲ್ಲಿಗೆ ಬಿದ್ದದ್ದೇ ತಡ, ಒನ್ನಿ ಬಾಣಲೆಯಲ್ಲಿ ಸಿಡಿದ ಸಾಸಿವೆಯಂತೆ ಹಲಗೆಯಿಂದ ಹಾರಿ, ಅಜ್ಜಂದಿರ ಭಾಷೆಯ ಬೈಗುಳ ಕಿರುಚಿದ. "ಪೆರ್ಕೆಲೆ! ಸುಡ್ತು! ಸತ್ತೆ! ಬಿಚ್ಚೋ, ಬಿಚ್ಚೋ!" ಟವೆಲ್ಲು ಎಲ್ಲೋ ಬಿತ್ತು. ಒಳಗೆ ಅವನ ಸೊಂಟಕ್ಕೆ ಅಂಗೈಯಗಲದ ಪಟ್ಟಿ, ತೊಡೆಯ ಸಂದಿಯಲ್ಲಿ ಒಂದು ಮೆತ್ತೆ, ಪಕ್ಕೆಯಲ್ಲಿ ಕಾದು ಕೆಂಡವಾದ ಲೋಹದ ಬಕಲ್.

"ಏನೋ ಇದು, ಕುದುರೆ ಜೀನು?"

"ಹರ್ನಿಯಾ ಪಟ್ಟಿ ಕಣೋ ಕತ್ತೆ! ನಿಂತ್ಕೊಂಡು ನೋಡ್ತೀಯಲ್ಲ, ಬಿಚ್ಚೋ!"

ಎಸ್ಕೊ ಎರಡು ಕೈಯಿಂದ ಬಕಲ್ಲಿಗೆ ತಣ್ಣೀರು ಎರಚಿ, ಊದಿ, ಎಳೆದು, ಅಂತೂ ಬಿಚ್ಚಿದ. ಪಟ್ಟಿ ಕಳಚಿತು. ಒನ್ನಿ ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿ ಏದುಸಿರು ಬಿಟ್ಟ. ಆಮೇಲೆ ಕಣ್ಣು ತೆರೆದು ನೋಡಿದರೆ ಎಸ್ಕೊನ ಟವೆಲ್ಲೂ ನೆಲದ ಮೇಲಿತ್ತು.

"ಅದೇನೋ ಅದು?" ಒನ್ನಿ ಬೆರಳು ಮಾಡಿದ. "ಚರ್ಮದೊಳಗೆ ಸೋಪು ಇಟ್ಕೊಂಡಿದ್ದೀಯಾ?"

ಎಸ್ಕೊ ಕೈ ಅಡ್ಡ ಹಿಡಿಯಲು ಹೋದ, ಹೊತ್ತು ಮೀರಿತ್ತು. "ಪೇಸ್‌ಮೇಕರ್" ಅಂದ.

"ಯಾವಾಗ?"

"ನಾದಿನಿ ಮನೆಗೆ ಹೋಗಿದ್ದೆ ಅಂದ್ನಲ್ಲ, ಆವಾಗ."

ಕಲ್ಲಿನ ಮೇಲಿದ್ದ ಕೊನೆಯ ಹನಿಯೂ ಚುಯ್ ಅಂದು ಆರಿತು. ಒಬ್ಬ ಸೊಂಟ ಹಿಡಿದುಕೊಂಡು, ಒಬ್ಬ ಹೆಗಲು ಹಿಡಿದುಕೊಂಡು, ಹುಟ್ಟುಡುಗೆಯಲ್ಲಿ ನಿಂತರು. ಮೊದಲು ನಕ್ಕವನು ಯಾರು ಅಂತ ಆಮೇಲೆ ಇಬ್ಬರೂ ಜಗಳವಾಡಿದರು. ನಗು ಮಾತ್ರ ನಿಲ್ಲಲಿಲ್ಲ. "ನಗಿಸಬೇಡ್ವೋ, ಪಟ್ಟಿ ಇಲ್ಲ, ಕರುಳು ಈಚೆ ಬರುತ್ತೆ" ಅಂತ ಒನ್ನಿ ಕೂಗಿದ. ಅದಕ್ಕೆ ಇನ್ನೂ ನಗು.

ಹೊರಗಿನ ಮೆಟ್ಟಿಲ ಮೇಲೆ ಟವೆಲ್ಲು ಹೊದ್ದು ತಣ್ಣಗಾಗಲು ಕೂತಾಗ ಮೈಯಿಂದ ಹಬೆ ಏಳುತ್ತಿತ್ತು. ಹಳ್ಳ ಸದ್ದು ಮಾಡುತ್ತಿತ್ತು. ಎಸ್ಕೊಗೆ ಎಷ್ಟೋ ವಾರಗಳ ಮೇಲೆ ಉಸಿರು ಹೊಟ್ಟೆಯ ತಳದವರೆಗೂ ಹೋಗಿ ಬಂತು.

"ಆಪರೇಷನ್ನು?" ಅಂತ ಕೇಳಿದ.

"ಹಿಮ ಬೀಳೋ ಹೊತ್ತಿಗೆ ಅಂದಿದ್ದಾರೆ. ಅಲ್ಲೀವರೆಗೂ ನೀರಿನ ಬಕೆಟ್ಟೂ ಎತ್ತಬಾರದಂತೆ."

"ಮತ್ತೆ ಅತ್ತೆಹಾದಿಗೆ ಹೂಂ ಅಂದ್ಯಲ್ಲೋ!"

"ನೀನು ತಾನೆ ಅದನ್ನ ಬಾಯಿಗೆ ತಂದಿದ್ದು? ನಾನು ಮೋಟು ಹಾದಿ ಅಂತ ಶುರು ಮಾಡ್ದೆ. ನೀನು ಮುದುಕ ಅಂದೆ!" ಒನ್ನಿ ಮುಖ ಒರೆಸಿಕೊಂಡ. "ನಾನೇನು ಹೊರುತ್ತಿರಲಿಲ್ಲ ಬಿಡು. ಮೊದಲನೇ ಕೆರೇಲೇ ಗಾಳಿ ಜೋರು, ಅಲೆ ಜಾಸ್ತಿ, ಈ ದಿನ ದಾಟೋದು ಬೇಡ ಅನ್ನೋದು. ಮರುದಿನಾನೂ ಗಾಳಿ. ಅದರ ಮರುದಿನಾನೂ. ಗಾಳಿಗೆ ಹೆದರಿ ಕೂತೋನನ್ನ ಯಾರೂ ಹೇಡಿ ಅನ್ನಲ್ಲ."

"ಗಾಳಿ ಇಲ್ಲದೇ ಹೋಗಿದ್ರೆ?"

"ನನಗೆ ಕಾಣಿಸ್ತಿತ್ತು."

"ಅದಕ್ಕೇ ಬಾಣಲೆ!"

"ಮೂರು ದಿನ ಒಂದೇ ಕಡೆ ಕೂರೋಕೆ ಏನಾದ್ರೂ ಸುಖ ಬೇಡ್ವೇನೋ? ನೀನೇನು ಮಾಡ್ಬೇಕು ಅಂದ್ಕೊಂಡಿದ್ದೆ?"

"ಕಾಲು ಉಳುಕಿತು ಅನ್ನೋದು" ಅಂತ ಎಸ್ಕೊ ಒಪ್ಪಿಕೊಂಡ. "ಮನೇಲಿ ಕುಂಟೋದು ಅಭ್ಯಾಸ ಮಾಡ್ತಿದ್ದೆ. ಹಿಲ್ಕಾ ನೋಡಿ, ಯಾವ ಕಾಲು ಅಂತ ಮೊದಲು ತೀರ್ಮಾನ ಮಾಡ್ಕೋ ಅಂದ್ಲು."

ಮತ್ತೆ ನಕ್ಕರು. ಒನ್ನಿ ಹಳ್ಳದ ಕಡೆ ನೋಡುತ್ತ ಅಂದ: "ಹೇಳಿದ್ರೆ ನೀನು ನನ್ನನ್ನ ವಿಲ್ಹೊ ಮಾಡಿಬಿಡ್ತೀಯ ಅಂತ ಹೆದರಿದ್ದೆ ಕಣೋ."

ಎಸ್ಕೊ ಅವನ ಮುಖ ನೋಡಲಿಲ್ಲ. "ನೀನಾಗ್ಲೇ ನನ್ನನ್ನ ಹಾಗೆ ಮಾಡಿದ್ದೀಯ ಅಂದ್ಕೊಂಡಿದ್ದೆ. ಆ ಉದ್ದದ ಬ್ರಷ್ಷು ನೋಡಿ."

ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ನಕ್ಷೆ ಬೇಕಿರಲಿಲ್ಲ. ರಸ್ತೆ ಮುಗಿಯುವಲ್ಲೇ ಶುರುವಾಗುವ ದೊಡ್ಡ ಕೆರೆ ಒಂದಿದೆ; ಕೊಲ್ಲಿ, ನಡುಗಡ್ಡೆ, ಮರಳದಂಡೆ, ಒಂದು ಅಂಗುಲವೂ ಹೊರದೆ ಮೂರು ದಿನ ಸುತ್ತಬಹುದು. ಇಷ್ಟು ವರ್ಷ ಅದನ್ನು ದಾಟಿ ಆಚೆ ಹೋಗುವ ಆತುರದಲ್ಲಿ ಅದರ ಬಲಗಡೆ ಕೂಡ ಸರಿಯಾಗಿ ನೋಡಿರಲಿಲ್ಲ. ಹೊರುವುದು ಇಲ್ಲವಾದರೆ ಬಾಣಲೆ ತರಬಹುದು, ಕುರ್ಚಿ ತರಬಹುದು. ದೋಣಿ ಎಷ್ಟು ಭಾರವಿದ್ದರೂ ಆದೀತು. ವಿಲ್ಹೊನ ಉದ್ದನೆಯ ಹಳೇ ದೋಣಿಯೂ.

"ಸೊಂಟ ನೋವಿದ್ದೋನು ಕೂರಬಹುದು ತಾನೆ?" ಅಂದ ಎಸ್ಕೊ.

"ಮೆತ್ತೆ ಹಾಕ್ಕೊಂಡು" ಅಂದ ಒನ್ನಿ. ಅಲ್ಲಿಂದಲೇ ಕೂಗಿದ: "ಸೈಮಾ! ಫೋನು ತಗೊಂಡು ಬಾರೆ!"

ಸೈಮಾ ಬಂದಳು. ಒಬ್ಬನ ಹೆಗಲು, ಒಬ್ಬನ ಕೈಯಲ್ಲಿದ್ದ ಪಟ್ಟಿ ಎರಡನ್ನೂ ನೋಡಿದಳು. "ಸದ್ಯ" ಅಂತಷ್ಟೇ ಅಂದು ಫೋನು ಕೊಟ್ಟು ಹೋದಳು.

ಮಾತಾಡುವವರು ಯಾರು ಅಂತ ಸ್ವಲ್ಪ ತಳ್ಳಾಟ ಆಯಿತು. ಕೊನೆಗೆ ಎಸ್ಕೊ ಹಿಡಿದುಕೊಂಡ. ಆ ಕಡೆ ವಿಲ್ಹೊನ ಗೊಗ್ಗರು ದನಿ ಬಂತು.

"ಆಗಸ್ಟ್ ಕೊನೇ ವಾರ ಏನು ಮಾಡ್ತಿದ್ದೀಯ?" ಅಂದ ಎಸ್ಕೊ.

"ಯಾಕೆ?"

"ದೋಣಿ ಬೇಕಾಗಿತ್ತು."

"ದೋಣಿ ಮಾತ್ರಾನಾ?"

"ಇಲ್ಲ. ದೋಣಿ ಜೊತೆ ಅದರ ಯಜಮಾನನೂ ಬೇಕು. ಮೂರು ರಾತ್ರಿ, ಹೊರೆಹಾದಿ ಒಂದೂ ಇಲ್ಲ ಕಣೋ. ಒನ್ನಿಗೆ ಹರ್ನಿಯಾ. ನನ್ನ ಎದೇಲಿ ಮಿಷನ್ನು. ನಿನ್ನ ಸೊಂಟವೇ ನಮ್ಮೆಲ್ಲರಲ್ಲಿ ವಾಸಿ."

ಒನ್ನಿ ಬಗ್ಗಿ ತಾನೂ ಫೋನಿಗೆ ಕಿವಿ ಕೊಟ್ಟ.

"ಕತ್ತೆಗಳಾ" ಅಂದ ವಿಲ್ಹೊ. "ಇಬ್ರಿಗೂ ಕಾಯಿಲೆ ಬರೋವರೆಗೂ ಈ ಫೋನು ಕಾಯಬೇಕಾಯ್ತಾ? ಸೊಂಟ ಅವತ್ತೇ ಆ ಬೇಸಿಗೆ ಮುಗಿಯೋದ್ರೊಳಗೆ ಸರಿಹೋಗಿತ್ತು. ಯಾರಾದ್ರೂ ಕೇಳಿದ್ರೆ ತಾನೆ?"

"ತಪ್ಪಾಯ್ತು ಕಣೋ" ಅಂದ ಎಸ್ಕೊ.

"ತಪ್ಪು ಆಮೇಲೆ ನೋಡ್ಕೊಳ್ಳೋಣ, ಮೂರು ರಾತ್ರಿ ಇದೆಯಲ್ಲ ಬೈಯೋಕೆ. ಮೊದಲು ಒಂದು ಮಾತು: ಹಿಂದೆ ಕೂತು ದಿಕ್ಕು ನೋಡೋನು ನಾನು. ನಡುವೆ ಸಾಮಾನಿನ ಥರ ಕೂರೋನು ನಾನಲ್ಲ."

"ಆಗ್ಲಪ್ಪ, ನೀನೇ."

"ತಡಿ, ಇಡಬೇಡ" ಅಂದ ವಿಲ್ಹೊ. ಕುರ್ಚಿ ಎಳೆದ ಸದ್ದು ಕೇಳಿಸಿತು. ಮೊಳೆಯಿಂದ ಏನನ್ನೋ ಬಿಡಿಸುವ ಕಿರ್ ಸದ್ದು. ಆಮೇಲೆ ಏನೋ ದಡ್ ಅಂತ ಬಿದ್ದು ಚೂರಾಯಿತು. ದೂರದಲ್ಲಿ ಒಂದು ಹೆಂಗಸಿನ ದನಿ ಕೂಗಾಡಿತು.

"ಏನಾಯ್ತೋ?" ಅಂತ ಇಬ್ಬರೂ ಒಟ್ಟಿಗೆ ಕೇಳಿದರು.

"ಏನಿಲ್ಲ" ಅಂದ ವಿಲ್ಹೊ. "ಮೀನಿನ ಗಡಿಯಾರ ಬಿತ್ತು. ಹುಟ್ಟು ಕೈಗೆ ಬಂತು."

ಎಸ್ಕೊ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹಿಲ್ಕಾ ಅವನ ಒದ್ದೆ ಕೂದಲು ನೋಡಿದಳು.

"ಸೌನಾ ಆಯ್ತಾ? ಒಲೆ ಒಡೆದಿದೆ ಅಂದ್ಯಲ್ಲ."

"ಒಲೆ ಚೆನ್ನಾಗಿದೆ."

"ಮತ್ತೆ ಅವನಿಗೆ ಹೇಳಿದ್ಯಾ?"

"ನಾನೆಲ್ಲಿ ಹೇಳಿದೆ" ಅಂದ ಎಸ್ಕೊ, ಬೂಟು ಕಳಚುತ್ತ. "ಒನ್ನಿ ಬಕಲ್ ಹೇಳ್ತು." ಒಳಗೆ ಹೋಗುತ್ತ ತಿರುಗಿ ನಿಂತು ಕೇಳಿದ: "ನಮ್ಮಮ್ಮನ ದೊಡ್ಡ ಕಾಫಿ ಕೆಟಲ್ಲು ಎಲ್ಲಿದೆ? ಆ ತಾಮ್ರದ್ದು, ಭಾರದ್ದು. ಈ ಸಲ ತಗೊಂಡು ಹೋಗ್ತೀನಿ."